ಇಸ್ತಾಂಬುಲ್ ಸಿನಿಮಾಕ್ಕೆ ಯಾರು ಭಾಗವತರು?

ಹೋದ ಸಂಚಿಕೆಯಲ್ಲಿ ನಮ್ಮ ಕುಮಟಾದ ಟಾಕೀಸಿನಲ್ಲಿ ಸಿನಿಮಾ ಶುರುವಾಗುವ ಮೊದಲು ಹಾಕುತ್ತಿದ್ದ ಪ್ಲೇಟುಗಳ, ಅಂದರೆ ಗ್ರಾಮಫೋನ್ ರೆಕಾರ್ಡುಗಳ ಬಗ್ಗೆ ಬರೆದಿದ್ದೆ. ಅಪ್ಪ ಅಲ್ಲಿ ಆಪರೇಟರ್ ಆಗಿದ್ದರು. ಪ್ಲೇಟು ಬದಲಿಸುವ ಕೆಲಸ ನನ್ನದು. ದೊಡ್ಡವನಾದ ಮೇಲೆ ಶಿರಸಿಯಲ್ಲಿ 19 ವರ್ಷ ಕ್ಯಾಸೆಟ್ ಅಂಗಡಿ ಇಟ್ಟೆ. ಇಷ್ಟನ್ನು ಹೇಳಿ, ಕೊನೆಗೆ ಒಂದು ಸಾಲು ಸೇರಿಸಿದ್ದೆ: ಇದೇ ಪ್ಲೇಟುಗಳು ಆ ಕಾಲದಲ್ಲಿ ಟರ್ಕಿಯ ಸಿನಿಮಾಗಳಿಗೂ ಹಿನ್ನೆಲೆ ಸಂಗೀತವಾಗಿದ್ದವು ಅಂತ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂತ ನಾನು ಅಂದುಕೊಂಡಿರಲಿಲ್ಲ. ಈ ಸಲ ಅವಕ್ಕೇ ಉತ್ತರ. ಉಳಿದ ಪ್ರಶ್ನೆಗಳು ಮುಂದಿನ ಸಲಕ್ಕೆ.

ಪ್ರಶ್ನೆ: ನಮ್ಮ ಸೊಸೆ ಟರ್ಕಿ ಧಾರಾವಾಹಿ ನೋಡುತ್ತಾಳೆ. ಅವಳ ಜೊತೆ ಕೂತು ಕೂತು ನನಗೂ ರೂಢಿಯಾಯಿತು. ಒಂದು ದಿನ ಅಲ್ಲಿನ ಹಳೆಯ ಸಿನಿಮಾ ಒಂದನ್ನು ಹಚ್ಚಿದಳು. ನಾಯಕಿ ಮಳೆಯಲ್ಲಿ ಒಬ್ಬಳೇ ನಡೆದು ಹೋಗುತ್ತಾಳೆ, ಹಿಂದೆ ಪಿಟೀಲಿನ ಟ್ಯೂನು. ನನಗೆ ಮೈ ಜುಂ ಅಂತು. ಆ ಟ್ಯೂನನ್ನು ನಾನು ಹುಡುಗಿಯಾಗಿದ್ದಾಗ ಕಾರವಾರದ ಟಾಕೀಸಿನಲ್ಲಿ, ಪರದೆ ಏಳುವ ಮೊದಲು ಕೇಳಿದ್ದೇನೆ. ಮನೆಯಲ್ಲಿ ಯಾರೂ ನಂಬಲಿಲ್ಲ. ನಿಮ್ಮ ಸಾಲು ಓದಿ ಧೈರ್ಯ ಬಂತು. ಕಾರವಾರದ ಟ್ಯೂನು ಅಲ್ಲಿಗೆ ಹೋದದ್ದು ಹೇಗೆ?
— ಓದುಗರು, ಕೋಡಿಬಾಗ, ಕಾರವಾರ

ಉತ್ತರ: ಅಕ್ಕಾ, ನಿಮ್ಮ ಕಿವಿ ಸರಿಯಾಗಿಯೇ ಕೇಳಿದೆ. ಮೊಮ್ಮಗನ ಮೊಬೈಲಿನಲ್ಲಿ ನೀವು ಗುನುಗಿ ಕಳಿಸಿದ್ದನ್ನು ಹಚ್ಚಿದೆ. ಎರಡನೇ ಸಾಲಿಗೆ ಬರುವಾಗಲೇ ಗುರುತು ಸಿಕ್ಕಿತು. ಅದು ಕಾರವಾರದ್ದೂ ಅಲ್ಲ, ಟರ್ಕಿಯದ್ದೂ ಅಲ್ಲ. ಫ್ರಾನ್ಸಿನದು. ಆಂದ್ರೆ ಪಾಪ್ ಅನ್ನುವವರು ಕಟ್ಟಿದ ಟ್ಯೂನು, ‘ಲವ್ ಈಸ್ ಬ್ಲೂ’ ಅಂತ ಹೆಸರು. 1967ರ ಯೂರೋವಿಷನ್ ಹಾಡಿನ ಸ್ಪರ್ಧೆಯಲ್ಲಿ ವಿಕಿ ಲಿಯಾಂಡ್ರೋಸ್ ಎಂಬ ಹುಡುಗಿ ಲಕ್ಸೆಂಬರ್ಗ್ ದೇಶದ ಪರವಾಗಿ ಅದನ್ನು ಹಾಡಿದಳು. ನಾಲ್ಕನೇ ಸ್ಥಾನ ಬಂತು. ಆಮೇಲೆ ಫ್ರಾನ್ಸಿನ ಮಾರ್ಸೆಯ್ ಊರಿನ ಪಾಲ್ ಮೋರಿಯಾ ಎಂಬ ಆರ್ಕೆಸ್ಟ್ರಾ ನಿರ್ದೇಶಕರು ಆ ಟ್ಯೂನನ್ನು ಕೈಗೆತ್ತಿಕೊಂಡರು. ಮಾತು ಪೂರ್ತಿ ತೆಗೆದರು. ಹಾರ್ಪ್ಸಿಕಾರ್ಡ್ ಅಂತ ಒಂದು ಹಳೆಯ ಕಾಲದ ವಾದ್ಯ ಇದೆ, ನೋಡಲು ಪಿಯಾನೋ ಥರ, ಆದರೆ ಒಳಗೆ ತಂತಿಯನ್ನು ಮೀಟುತ್ತದೆ, ಟಿಣ್ ಟಿಣ್ ಅನ್ನುತ್ತದೆ. ಅದನ್ನು ಮುಂದಿಟ್ಟರು. ನಮ್ಮ ಶಹನಾಯಿಯ ದಾಯಾದಿಯಾದ ಓಬೋ ಇಟ್ಟರು. ಹಿಂದೆ ಪಿಟೀಲುಗಳ ಸಾಲು. 1968ರಲ್ಲಿ ಆ ಪ್ಲೇಟು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಐದು ವಾರ ಮೊದಲನೆಯ ಸ್ಥಾನದಲ್ಲಿತ್ತು. ಒಂದೂ ಮಾತಿಲ್ಲದ ಪ್ಲೇಟು!

ಕುಮಟೆಗೆ ಅದು 1970ರ ಸುಮಾರಿಗೆ ಬಂತು. ಯಾರು ತಂದರೋ, ಅಪ್ಪನ ಕಪಾಟಿನಲ್ಲಿತ್ತು. ‘ಪಾಲ್ ಮಾರಿಯಟ್’ ಅಂತ ಓದುತ್ತಿದ್ದೆವು. ಮೊದಲ ಬೆಲ್ ಆದ ಮೇಲೆ ಆ ಪ್ಲೇಟು ಹಾಕಬೇಕು ಅಂತ ಅಪ್ಪನ ಕಟ್ಟಪ್ಪಣೆ. ಮುಂದಿನ ಬೆಂಚಿನವರೂ ಶೇಂಗಾ ತಿನ್ನುವುದನ್ನು ನಿಲ್ಲಿಸುತ್ತಿದ್ದರು. ನಾನು ಕಿಂಡಿಯಿಂದ ನೋಡುತ್ತಿದ್ದೆ.

ಇಸ್ತಾಂಬುಲಿಗೆ ಹೋದದ್ದೂ ಹೀಗೇ, ಪ್ಲೇಟಾಗಿಯೇ. ಆದರೆ ಅಲ್ಲಿ ಅದಕ್ಕೆ ಸಿಕ್ಕ ಕೆಲಸ ಬೇರೆ. ಆ ಊರಿನ ಬೆಯೋಲು ಪೇಟೆಯಲ್ಲಿ ಯೆಶಿಲ್‌ಚಾಮ್ ಅಂತ ಒಂದು ಸಣ್ಣ ಬೀದಿ. ಹಸಿರು ಪೈನ್ ಮರ ಅಂತ ಅರ್ಥ. ಸಿನಿಮಾ ಕಂಪನಿಗಳ ಕಚೇರಿಗಳೆಲ್ಲ ಆ ಬೀದಿಯ ಸುತ್ತಲೇ ಇದ್ದವು. ಗಾಂಧಿನಗರ ಅಂದರೆ ನಮಗೆ ಕನ್ನಡ ಸಿನಿಮಾ ಅಲ್ವಾ, ಹಾಗೆ ಯೆಶಿಲ್‌ಚಾಮ್ ಅಂದರೆ ಅಲ್ಲಿನವರಿಗೆ ತಮ್ಮ ಹಳೆಯ ಸಿನಿಮಾ. 1972ರಲ್ಲಿ ಅಲ್ಲಿ ಸುಮಾರು 300 ಸಿನಿಮಾ ತಯಾರಾದವು. ಒಂದೇ ವರ್ಷದಲ್ಲಿ! ಹಣ ಬರುತ್ತಿದ್ದದ್ದು ಅದಾನಾ, ಇಜ್ಮಿರ್, ಸಾಮ್‌ಸುನ್ ಮುಂತಾದ ಕಡೆಯ ಹಂಚಿಕೆದಾರರಿಂದ. ಅವರು ಮುಂಗಡ ಕೊಡುತ್ತಿದ್ದರು, ಇಂಥ ನಟಿ ಬೇಕು, ಇಂಥ ಕತೆ ಬೇಕು ಅಂತ ಹೇಳುತ್ತಿದ್ದರು. ಕೆಲವೇ ವಾರಗಳಲ್ಲಿ ಸಿನಿಮಾ ಮುಗಿಯಬೇಕು. ಅಂಥಲ್ಲಿ ಮೂವತ್ತು ಪಿಟೀಲಿನವರನ್ನು ಕೂರಿಸಿ ಹಿನ್ನೆಲೆ ಸಂಗೀತ ಮಾಡಿಸಲು ಹಣವೂ ಇಲ್ಲ, ಹೊತ್ತೂ ಇಲ್ಲ.

ಇನ್ನೂ ಒಂದು ವಿಷಯ ಇದೆ. ಇದನ್ನು ಆಪರೇಟರನ ಮಗನಾಗಿ ನಾನು ಜಾಸ್ತಿ ಮುಖ್ಯ ಅಂದುಕೊಳ್ಳುತ್ತೇನೆ. ಅಲ್ಲಿ ಶೂಟಿಂಗ್ ಹೊತ್ತಿಗೆ ಧ್ವನಿ ಹಿಡಿಯುತ್ತಿರಲಿಲ್ಲ. ಕ್ಯಾಮೆರಾದ ಪಕ್ಕ ಒಬ್ಬ ನಿಂತು ಮಾತು ಓದಿ ಹೇಳುತ್ತಿದ್ದ, ನಟರು ಅದನ್ನೇ ಹೇಳುತ್ತಿದ್ದರು. ಆಮೇಲೆ ಸ್ಟುಡಿಯೋದಲ್ಲಿ ಡಬ್ಬಿಂಗ್. ಎಷ್ಟೋ ಸಲ ನಾಯಕಿಯ ಧ್ವನಿ ಬೇರೆಯವರದು. ಅಂದರೆ ಕೈಗೆ ಬರುವ ರೀಲು ಪೂರ್ತಿ ಮೂಕ. ಕಾಲ ಸಪ್ಪಳ ಇಲ್ಲ, ಕಾಗೆ ಕೂಗಿಲ್ಲ, ಮಳೆಯ ಸದ್ದೂ ಇಲ್ಲ. ನಾಯಕಿ ಮಾತಾಡದೆ ನಡೆದರೆ ಆ ಖಾಲಿ ಜಾಗವನ್ನು ತುಂಬುವುದು ಯಾರು? ಕಪಾಟಿನಲ್ಲಿರುವ ಪ್ಲೇಟು. ಪಾಲ್ ಮೋರಿಯಾ, ಫ್ರಾಂಕ್ ಪೂರ್ಸೆಲ್, ಕಾರವೆಲ್ಲಿ, ಫ್ರಾನ್ಸಿಸ್ ಲೈ, ಇಟಲಿಯ ಎನ್ನಿಯೋ ಮೋರಿಕೋನೆ. ಇವರ ಪ್ಲೇಟುಗಳಿಂದ ದುಃಖಕ್ಕೊಂದು, ಪ್ರೀತಿಗೊಂದು, ಓಟಕ್ಕೊಂದು ಅಂತ ಆರಿಸಿ ಇಡುತ್ತಿದ್ದರು. ಒಂದೇ ಟ್ಯೂನು ಹತ್ತಾರು ಸಿನಿಮಾದಲ್ಲಿ ಬರುತ್ತಿತ್ತು. ಹಾಗಾಗಿಯೇ ಇವತ್ತಿಗೂ ಟರ್ಕಿಯ ವಯಸ್ಸಾದವರಿಗೆ ಆ ಫ್ರೆಂಚ್ ಪಿಟೀಲು ಕೇಳಿದರೆ ತಮ್ಮದೇ ಊರು, ತಮ್ಮದೇ ಅಮ್ಮ ನೆನಪಾಗುತ್ತದೆ.

ನನ್ನ ಸೋದರಮಾವ ಹಡಗಿನಲ್ಲಿ ಅಡುಗೆಯವರಾಗಿದ್ದರು. 1974ರ ಬೇಸಿಗೆಯಲ್ಲಿ ಅವರ ಹಡಗು ಇಸ್ತಾಂಬುಲಿನಲ್ಲಿ ನಾಲ್ಕು ದಿನ ನಿಂತಿತ್ತು. ಆಗ ಅಲ್ಲಿ ಬೇಸಿಗೆಯಲ್ಲಿ ಬಯಲಿನಲ್ಲೇ ಸಿನಿಮಾ ತೋರಿಸುತ್ತಿದ್ದರು. ತೋಟದಂಥ ಜಾಗ, ಮರದ ಕುರ್ಚಿ, ಗೋಡೆಗೆ ಸುಣ್ಣ ಬಳಿದು ಅದನ್ನೇ ಪರದೆ ಮಾಡಿರುತ್ತಿದ್ದರು. ಜನ ಸೂರ್ಯಕಾಂತಿ ಬೀಜ ಬಿಡಿಸಿ ತಿನ್ನುತ್ತಾ, ಗಜೋಜ್ ಅನ್ನುವ ಸೋಡಾ ಕುಡಿಯುತ್ತಾ ಕೂರುತ್ತಿದ್ದರು. ನಮ್ಮ ಟೆಂಟಿನಲ್ಲಿ ಶೇಂಗಾ, ಗೋಲಿ ಸೋಡಾ ಇದ್ದಂತೆ. ಮಾವ ಅಲ್ಲಿ ಹೋಗಿ ಕೂತರು. ಭಾಷೆ ಒಂದಕ್ಷರ ಬಾರದು. ಸಿನಿಮಾ ಮುಗಿಯುವ ಹೊತ್ತಿಗೆ ಪಕ್ಕದ ಮುದುಕಿ ಅವರಿಗೆ ತನ್ನ ಕರವಸ್ತ್ರ ಕೊಟ್ಟಳಂತೆ. ಮಾರನೇ ದಿನ ಪ್ಲೇಟಿನ ಅಂಗಡಿಗೆ ಹೋಗಿ, ಆ ಟ್ಯೂನನ್ನು ಬಾಯಲ್ಲಿ ಹೇಳಿ, ಫ್ರಾಂಕ್ ಪೂರ್ಸೆಲ್‌ರ ಒಂದು ಎಲ್‌ಪಿ, ಅಂದರೆ ದೊಡ್ಡ ಪ್ಲೇಟು, ತಂದರು. ಅದು ಈಗಲೂ ನನ್ನ ಹತ್ತಿರ ಇದೆ. ಮಾವ ತೀರಿಕೊಂಡ ವರ್ಷ ಒಂದು ತಿಂಗಳು ಅದನ್ನು ಮುಟ್ಟಲು ನನಗೆ ಆಗಲಿಲ್ಲ.

ನಮ್ಮ ಕಡೆ ಯಕ್ಷಗಾನಕ್ಕೆ ಹೊರಡುವಾಗ ಜನ ಪ್ರಸಂಗ ಯಾವುದು ಅಂತ ಕೇಳುವ ಮೊದಲು ‘ಯಾರು ಭಾಗವತರು?’ ಅಂತ ಕೇಳುತ್ತಾರೆ. ಹಿಮ್ಮೇಳ ಕಣ್ಣೆದುರಿಗೇ ಕೂತಿರುತ್ತದೆ. ಮದ್ದಳೆಯವರು ಯಾರು, ಚಂಡೆಯವರು ಯಾರು, ಎಲ್ಲ ಗೊತ್ತಿರುತ್ತದೆ. ಸಿನಿಮಾದ ಹಿಮ್ಮೇಳ ಪರದೆಯ ಹಿಂದೆ ಉಳಿದುಬಿಡುತ್ತದೆ. ನೀವು 50 ವರ್ಷ ಆ ಟ್ಯೂನನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀರಿ, ಅಕ್ಕಾ. ಈಗ ಹೆಸರೂ ಇಟ್ಟುಕೊಳ್ಳಿ: ಕಟ್ಟಿದವರು ಆಂದ್ರೆ ಪಾಪ್, ವಾದ್ಯಗಳಿಗೆ ಹಂಚಿದವರು ಪಾಲ್ ಮೋರಿಯಾ.

ಪ್ರಶ್ನೆ: ನೀವು ಬರೆದ ಸಾಲಿನಂತೆ ಬೇರೆಯವರ ಪ್ಲೇಟನ್ನು ತಂದು ತಮ್ಮ ಸಿನಿಮಾಕ್ಕೆ ಹಚ್ಚಿದರೆ ಅದು ಕಳ್ಳತನ ಅಲ್ವಾ? ಅದನ್ನು ಹೊಗಳಿ ಬರೆಯುವುದು ಸರಿಯೇ?
— ಓದುಗರು, ಶಿರಸಿ

ಉತ್ತರ: ಸರಿಯಲ್ಲ. ಕೇಳದೆ ತೆಗೆದುಕೊಂಡದ್ದು ತಪ್ಪೇ. ಬಡತನ ಇತ್ತು, ಅವಸರ ಇತ್ತು ಅನ್ನುವುದು ಕಾರಣವಾಗುತ್ತದೆ, ಸಮರ್ಥನೆ ಆಗುವುದಿಲ್ಲ. ದುಡ್ಡಿಗಿಂತ ನನಗೆ ಜಾಸ್ತಿ ನೋವಾಗುವುದು ಹೆಸರಿನ ವಿಷಯಕ್ಕೆ.

ಇದನ್ನು ನಾನು ಹೊರಗೆ ನಿಂತು ಹೇಳುವಂತಿಲ್ಲ. ಶಿರಸಿಯ ನನ್ನ ಅಂಗಡಿಯಲ್ಲಿ ಮಾಡುತ್ತಿದ್ದದ್ದೂ ಅದೇ. ಜನ ಖಾಲಿ ಕ್ಯಾಸೆಟ್ ತರುತ್ತಿದ್ದರು, ನಾನು ಎಲ್‌ಪಿಯಿಂದ ಹಾಡು ತುಂಬಿ ಕೊಡುತ್ತಿದ್ದೆ. ಹಿಂದಿ ಹಾಡಾದರೆ ಸಿನಿಮಾದ ಹೆಸರು ಬರೆಯುತ್ತಿದ್ದೆ. ಕನ್ನಡ ಹಾಡಾದರೆ ಹಾಡಿದವರ ಹೆಸರೂ ಬರೆಯುತ್ತಿದ್ದೆ. ಈ ಪಿಟೀಲಿನ ಟ್ಯೂನುಗಳ ಕ್ಯಾಸೆಟ್ಟಿನ ಮೇಲೆ ಮಾತ್ರ ‘ಇಂಗ್ಲಿಷ್ ಮ್ಯೂಸಿಕ್ 1’, ‘ಇಂಗ್ಲಿಷ್ ಮ್ಯೂಸಿಕ್ 2’ ಅಂತ ಬರೆಯುತ್ತಿದ್ದೆ. ಅವರಲ್ಲಿ ಫ್ರೆಂಚರಿದ್ದರು, ಜರ್ಮನರಿದ್ದರು, ಇಟಲಿಯವರಿದ್ದರು. ಎಲ್‌ಪಿಯ ಕವರು ಕೈಯಲ್ಲೇ ಇತ್ತು. ತಿರುಗಿಸಿ ನೋಡಿ ಬರೆಯಲು ಅರ್ಧ ನಿಮಿಷ ಸಾಕಿತ್ತು. ಬರೆಯಲಿಲ್ಲ. ಯಲ್ಲಾಪುರ, ಸಿದ್ದಾಪುರ, ಮುಂಡಗೋಡದ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಆ ಕ್ಯಾಸೆಟ್ಟುಗಳು ಇರಬಹುದು, ಹೆಸರಿಲ್ಲದೆ. ಈ ಅಂಕಣದಲ್ಲಿ ನಾನು ಹೆಸರು ಹೆಸರು ಅಂತ ಹಟ ಹಿಡಿಯುವುದು ಅದಕ್ಕೇ.

ಟ್ಯೂನು ಒಂದೇ ದಿಕ್ಕಿಗೆ ಹರಿಯಲಿಲ್ಲ ಅನ್ನುವುದನ್ನೂ ಹೇಳಬೇಕು. 1967ರಲ್ಲಿ ಟರ್ಕಿಯಲ್ಲಿ ‘ಸಾಮಾನ್ಯೊಲು’ ಅಂತ ಒಂದು ಸಿನಿಮಾ ಬಂತು. ಆಕಾಶಗಂಗೆ ಅಂತ ಅರ್ಥ. ಅದೇ ಹೆಸರಿನ ಹಾಡಿಗೆ ಟ್ಯೂನು ಕಟ್ಟಿದವರು ಮೆತಿನ್ ಬುಕೇ, ಹಾಡಿದವರು ಬೆರ್ಕಾಂತ್. ಎರಡು ವರ್ಷದೊಳಗೆ ಆ ಟ್ಯೂನು ಫ್ರಾನ್ಸಿಗೆ ಹೋಗಿ, ಡೇವಿಡ್ ಅಲೆಕ್ಸಾಂಡರ್ ವಿಂಟರ್ ಬಾಯಲ್ಲಿ ‘ಓ ಲೇಡಿ ಮೇರಿ’ ಆಯಿತು. ಅಲ್ಲಿ ಕೇಳಿದ ಎಷ್ಟು ಜನ ಅದನ್ನು ಇಸ್ತಾಂಬುಲಿನದು ಅಂತ ತಿಳಿದು ಕೇಳಿದ್ದಾರು?

ನಮ್ಮದೂ ಅಲ್ಲಿಗೆ ಹೋಗಿದೆ. ರಾಜ್ ಕಪೂರ್ 1951ರಲ್ಲಿ ಮಾಡಿದ ‘ಆವಾರಾ’ ಟರ್ಕಿಯಲ್ಲಿ 1955ರ ಹೊತ್ತಿಗೆ ಊರೂರಿನಲ್ಲೂ ಓಡಿತು. ಶಂಕರ್–ಜೈಕಿಶನ್ ಟ್ಯೂನನ್ನು ಬೀದಿಯಲ್ಲಿ ಹುಡುಗರು ಹಾಡುತ್ತಿದ್ದರು. 1964ರಲ್ಲಿ ಟರ್ಕಿಯವರು ಆ ಸಿನಿಮಾವನ್ನು ತಾವೇ ಮತ್ತೆ ಮಾಡಿದರು, ಸದ್ರಿ ಅಲಿಶಿಕ್ ನಾಯಕ. ಇಲ್ಲಿಂದ ಅಲ್ಲಿಗೆ ಹೋದದ್ದಕ್ಕೆ ನಾವು ಹೆಮ್ಮೆ ಪಡುತ್ತೇವೆ, ಅವರು ಬೇರೆ ಕಡೆಯಿಂದ ತಂದದ್ದಕ್ಕೆ ಕಳ್ಳತನ ಅನ್ನುತ್ತೇವೆ. ಎರಡಕ್ಕೂ ಒಂದೇ ಅಳತೆ ಇರಬೇಕು ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ನಾನು ಹಾರ್ಮೋನಿಯಂ ಕಲಿಯುತ್ತಿದ್ದೇನೆ. ಈ ಆರ್ಕೆಸ್ಟ್ರಾ ಟ್ಯೂನುಗಳನ್ನು ಹಾರ್ಮೋನಿಯಂ ಮೇಲೆ ನುಡಿಸಿದರೆ ಆ ಅಳು ಬರುವುದಿಲ್ಲ. ಪಿಟೀಲಿನಲ್ಲಿ ಮಾತ್ರ ಯಾಕೆ ಬರುತ್ತದೆ?
— ಕಾಲೇಜು ವಿದ್ಯಾರ್ಥಿನಿ, ಹೊನ್ನಾವರ

ಉತ್ತರ: ತಂಗಿ, ಒಳ್ಳೆಯ ಪ್ರಶ್ನೆ. ಕೈಯಲ್ಲಿ ವಾದ್ಯ ಹಿಡಿದವರು ಮಾತ್ರ ಕೇಳುವ ಪ್ರಶ್ನೆ.

ಮಾಂಟೊವಾನಿ ಅಂತ ಒಬ್ಬರಿದ್ದರು. 1905ರಲ್ಲಿ ವೆನಿಸಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದವರು. 1951ರಲ್ಲಿ ಅವರ ಆರ್ಕೆಸ್ಟ್ರಾದ ‘ಶಾರ್ಮೇನ್’ ಪ್ಲೇಟು ಬಂತು. ಪಿಟೀಲಿನ ಈ ಮಾದರಿಗೆ ದಾರಿ ಮಾಡಿದ್ದು ಅದು. ಅದನ್ನು ಆರ್ಕೆಸ್ಟ್ರಾಕ್ಕೆ ಹೊಂದಿಸಿ ಬರೆದುಕೊಟ್ಟವರು ರೊನಾಲ್ಡ್ ಬಿಂಜ್. ಅವರು ಏನು ಮಾಡಿದರು ಅಂದರೆ, ಪಿಟೀಲಿನವರನ್ನು ಗುಂಪುಗಳಾಗಿ ಒಡೆದರು. ಮೊದಲ ಗುಂಪು ಟ್ಯೂನಿನ ಮೊದಲ ಸ್ವರ ನುಡಿಸಿ ಅದನ್ನೇ ಹಿಡಿದು ನಿಲ್ಲುತ್ತದೆ. ಎರಡನೇ ಸ್ವರ ಎರಡನೇ ಗುಂಪಿನದು, ಅವರೂ ಬಿಡದೆ ಹಿಡಿಯುತ್ತಾರೆ. ಮೂರನೆಯದು ಇನ್ನೊಂದು ಗುಂಪಿನದು. ಹೀಗೆ ಹಿಂದಿನ ಸ್ವರ ಆರುವ ಮೊದಲೇ ಮುಂದಿನದು ಅದರ ಮೇಲೆ ಬೀಳುತ್ತದೆ. ಗೋಕರ್ಣದಲ್ಲಿ ಒಬ್ಬರ ಹಿಂದೆ ಒಬ್ಬರು ಗಂಟೆ ಬಾರಿಸಿ ಒಳಗೆ ಹೋಗುವಾಗ ಗುಂಯ್ ಅನ್ನುವ ದನಿಗಳು ಒಂದರೊಳಗೊಂದು ಸೇರುತ್ತವಲ್ಲ, ಹಾಗೆ. ದೊಡ್ಡ ಇಗರ್ಜಿಯೊಳಗೆ ನುಡಿಸಿದಂತೆ ಕೇಳಬೇಕು ಅನ್ನುವುದು ಬಿಂಜ್ ಅವರ ಆಸೆ. ಯಂತ್ರದಿಂದ ಬರುವ ಪ್ರತಿಧ್ವನಿ ಅಲ್ಲ ಅದು, ಕಾಗದದ ಮೇಲೆ ಸ್ವರವಾಗಿ ಬರೆದದ್ದು. ನಿಮ್ಮ ಹಾರ್ಮೋನಿಯಂನಲ್ಲಿ ಒಂದು ಮನೆ ಬಿಟ್ಟು ಇನ್ನೊಂದು ಒತ್ತಿದರೆ ಹಿಂದಿನದು ನಿಂತುಹೋಗುತ್ತದೆ. ಬೆರಳು ಎತ್ತದೆ ಮೂರು ಸ್ವರ ಒಟ್ಟಿಗೆ ಉಳಿಸಿಕೊಂಡು, ಒಂದೊಂದಾಗಿ ಬಿಡುತ್ತಾ ನುಡಿಸಿ ನೋಡಿ. ಸ್ವಲ್ಪ ಹತ್ತಿರ ಬರುತ್ತದೆ. ಪಿಟೀಲಿನಲ್ಲಿ ಬೆರಳು ಅಲುಗಾಡಿಸಿ ಸ್ವರಕ್ಕೆ ಕೊಡುವ ನಡುಕ ಮಾತ್ರ ನಿಮ್ಮ ವಾದ್ಯದಲ್ಲಿ ಬಾರದು.

ಇನ್ನು ಸ್ವರಗಳ ಮಾತು. ಈ ಟ್ಯೂನುಗಳಲ್ಲಿ ಅಳು ತರಿಸುವವು ಸಾಮಾನ್ಯವಾಗಿ ಮೈನರ್ ಸ್ಕೇಲಿನವು. ಕೋಮಲ ಗಾಂಧಾರ, ಕೋಮಲ ಧೈವತ, ಮೇಲೆ ಶುದ್ಧ ನಿಷಾದ ಹಾಕಿದರೆ ನಮ್ಮ ಕೀರವಾಣಿ. ಟರ್ಕಿಯ ಸಂಗೀತದಲ್ಲಿ ರಾಗದಂಥದ್ದಕ್ಕೆ ಮಕಾಮ್ ಅನ್ನುತ್ತಾರೆ. ಅವರ ನಿಹಾವೆಂದ್ ಮಕಾಮ್ ಈ ಮೈನರ್ ಸ್ಕೇಲಿಗೆ ತೀರಾ ಹತ್ತಿರ. ಹಾಗಾಗಿ ಪ್ಯಾರಿಸ್ಸಿನ ಟ್ಯೂನು ಅವರಿಗೆ ಪರದೇಶಿ ಅನ್ನಿಸಲಿಲ್ಲ, ನಮಗೂ ಅನ್ನಿಸಲಿಲ್ಲ. ಅವರ ಹಿಜಾಜ್ ಮಕಾಮಿನ ಮೊದಲ ನಾಲ್ಕು ಸ್ವರ ಕೇಳಿದರೆ ನೀವು ಬೆಳಗ್ಗೆ ಕೂತು ಹಾಡುವ ಭೈರವದ ಸ ರೆ ಗ ಮ ನೆನಪಾಗುತ್ತದೆ. ನಿಮ್ಮ ಗುರುಗಳ ಎದುರು ಇದನ್ನು ನುಡಿಸಿ ತೋರಿಸಿ, ಅವರು ನನಗಿಂತ ಚೆನ್ನಾಗಿ ಬಿಡಿಸಿ ಹೇಳಿಯಾರು.

ಪ್ರಶ್ನೆ: ಟರ್ಕಿಯವರು ಸ್ವಂತ ಸಂಗೀತ ಮಾಡಲೇ ಇಲ್ಲವೇ? ಕೇಳುವಂಥದ್ದು ಇದ್ದರೆ ಹೆಸರು ತಿಳಿಸಿ.
— ಲಾರಿ ಚಾಲಕರು, ಅಂಕೋಲಾ

ಉತ್ತರ: ಮಾಡಿದರು, ಬಹಳ ಚೆನ್ನಾಗಿ ಮಾಡಿದರು. ಎರಡು ಹೇಳುತ್ತೇನೆ.

ಮೊದಲನೆಯದು ನಿಮ್ಮದೇ ಕತೆ. 1977ರಲ್ಲಿ ತಯಾರಾದ ‘ಸೆಲ್ವಿ ಬೊಯ್ಲುಮ್ ಅಲ್ ಯಾಜ್ಮಾಲಿಮ್’. ಕಿರ್ಗಿಜ್ ಲೇಖಕ ಚಿಂಗೀಜ್ ಐತ್ಮಾತೋವ್ ಅವರ ಕತೆ, ಅತಿಫ್ ಯಿಲ್ಮಾಜ್ ನಿರ್ದೇಶನ. ನಾಯಕ ಒಬ್ಬ ಲಾರಿ ಚಾಲಕ. ಕದಿರ್ ಇನಾನಿರ್ ಆ ಪಾತ್ರ ಮಾಡಿದ್ದಾರೆ, ಕೆಂಪು ತಲೆವಸ್ತ್ರದ ಹುಡುಗಿಯಾಗಿ ತುರ್ಕಾನ್ ಶೊರಾಯ್. ಸಂಗೀತ ಜಾಹಿತ್ ಬೆರ್ಕಾಯ್ ಅವರದು. ಇವರು 1967ರಲ್ಲಿ ಶುರುವಾದ ಮೊಗೊಲ್ಲಾರ್ ಅನ್ನುವ ತಂಡದವರು. ಹಳ್ಳಿಯ ಹಾಡು, ಹಳ್ಳಿಯ ವಾದ್ಯಗಳನ್ನು ಎಲೆಕ್ಟ್ರಿಕ್ ಗಿಟಾರಿನ ಜೊತೆ ಕೂರಿಸಿದ ತಂಡ ಅದು. ಈ ಸಿನಿಮಾದ ಮುಖ್ಯ ಟ್ಯೂನನ್ನು ಒಂದು ಸಲ ಕೇಳಿ. ಆಮೇಲೆ ದೇವಿಮನೆ ಘಟ್ಟ ಹತ್ತುವಾಗ ಅದು ತಾನಾಗಿ ಬಾಯಿಗೆ ಬರುತ್ತದೆ. ನನಗಂತೂ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗಲೆಲ್ಲ ಬರುತ್ತದೆ.

ಎರಡನೆಯದು 1975ರ ‘ಹಬಾಬಾಮ್ ಸಿನಿಫಿ’. ಎರ್ತೆಮ್ ಎಯಿಲ್ಮೆಜ್ ನಿರ್ದೇಶನ. ಪಾಠಕ್ಕೆ ಬಗ್ಗದ ತುಂಟ ಹುಡುಗರ ತರಗತಿ, ಗದರುತ್ತಲೇ ಪ್ರೀತಿಸುವ ಮಾಸ್ತರು. ಸಂಗೀತ ಮೆಲಿಹ್ ಕಿಬಾರ್ ಅವರದು. ಆಗ ಅವರು ಇನ್ನೂ ಇಪ್ಪತ್ತರ ಹರೆಯದವರು. ಇದರಲ್ಲಿ ಒಂದು ಟ್ಯೂನು ಇದೆ. ಹುಡುಗರು ತರಲೆ ಮಾಡುವಾಗ ಚುರುಕಾಗಿ ಬರುತ್ತದೆ, ನಗು ಬರುತ್ತದೆ. ಅದೇ ಟ್ಯೂನು ಮುಂದೆ ಒಂದು ಕಡೆ ನಿಧಾನವಾಗಿ ಬರುತ್ತದೆ. ಆಗ ಗಂಟಲು ಕಟ್ಟುತ್ತದೆ. ಸ್ವರ ಬದಲಾಗಿಲ್ಲ, ನಡೆ ಮಾತ್ರ ಬದಲಾಗಿದೆ. ನಮ್ಮ ಭಾಗವತರು ಒಂದೇ ಪದ್ಯವನ್ನು ತಾಳ ಬದಲಿಸಿ ಹಾಡಿದಾಗ ಹೀಗೆ ಆಗುತ್ತದೆ. ಪ್ಲೇಟಿನಿಂದ ಆರಿಸಿ ಹಚ್ಚಿದ ಸಂಗೀತಕ್ಕೆ ಇದು ಸಾಧ್ಯವಿಲ್ಲ. ಕತೆಯ ಜೊತೆ ಕೂತು ಬರೆದವರಿಗೆ ಮಾತ್ರ ಸಾಧ್ಯ. ಪಾಲ್ ಮೋರಿಯಾ ಮೇಲೆ ನನಗೆ ಎಷ್ಟೇ ಪ್ರೀತಿ ಇದ್ದರೂ ಇದನ್ನು ಒಪ್ಪಬೇಕು.

ಪ್ರಶ್ನೆ: ಅಜ್ಜನ ಕಾಲದ ಪ್ಲೇಟುಗಳು ಅಟ್ಟದ ಮೇಲಿವೆ. ಬೂಷ್ಟು ಹಿಡಿದಿದೆ. ಸ್ಪಿರಿಟ್ ಹಾಕಿ ಒರೆಸಬಹುದೇ?
— ಓದುಗರು, ಸಿದ್ದಾಪುರ

ಉತ್ತರ: ಮೊದಲು ಕೈಯಲ್ಲಿ ಎತ್ತಿ ನೋಡಿ. ಭಾರವಾಗಿದ್ದು, ದಪ್ಪಗಿದ್ದು, ‘78’ ಅಂತ ಬರೆದಿದ್ದರೆ ಅದಕ್ಕೆ ಸ್ಪಿರಿಟ್ ತಾಗಿಸಲೇಬೇಡಿ. ಆ ಹಳೆಯ ಪ್ಲೇಟು ಅರಗಿನಿಂದ ಮಾಡಿದ್ದು. ಸ್ಪಿರಿಟಿನಲ್ಲಿ ಅರಗು ಕರಗುತ್ತದೆ, ಹಾಡು ಅಳಿಸಿಹೋಗುತ್ತದೆ. ಬಿದ್ದರೆ ಹಂಚಿನಂತೆ ಒಡೆಯುತ್ತದೆ ಕೂಡ. ತೆಳುವಾಗಿ ಸ್ವಲ್ಪ ಬಳುಕಿದರೆ ಅದು ವಿನೈಲ್, ನಿಮಿಷಕ್ಕೆ 33 ಸುತ್ತಿನ ಎಲ್‌ಪಿ. ಎರಡಕ್ಕೂ ಒಂದೇ ಮುಳ್ಳು ನಡೆಯುವುದಿಲ್ಲ. 78ರ ಗೀರು ಅಗಲ, ಎಲ್‌ಪಿಯದು ಕೂದಲೆಳೆಯಂಥದ್ದು.

ತೊಳೆಯಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಒಂದು ಲೋಟಕ್ಕೆ ಪಾತ್ರೆ ತೊಳೆಯುವ ಸೋಪಿನ ನೀರು ಒಂದೇ ಹನಿ. ಮೆತ್ತಗಿನ ಹತ್ತಿ ಬಟ್ಟೆ ಅದ್ದಿ, ಗೀರಿನ ಗುಂಟ ಸುತ್ತಲೂ ಒರೆಸಿ. ಅಡ್ಡಡ್ಡ ಉಜ್ಜಬೇಡಿ. ನಡುವಿನ ಕಾಗದಕ್ಕೆ ನೀರು ಮುಟ್ಟಿಸಬೇಡಿ, ಹೆಸರುಗಳು ಇರುವುದು ಅಲ್ಲೇ. ಮತ್ತೆ ಬರೀ ನೀರಿನಲ್ಲಿ ಒರೆಸಿ, ನೆರಳಿನಲ್ಲಿ ಆರಿಸಿ. 78ರ ಪ್ಲೇಟನ್ನು ನೀರಿನಲ್ಲಿ ನೆನೆಸಿಡಬೇಡಿ. ಬೂಷ್ಟು ಹಿಡಿದ ಒಳಗಿನ ಕಾಗದದ ಚೀಲ ಬಿಸಾಡಿ ಹೊಸದು ಹಾಕಿ. ಹೊರಗಿನ ಕವರು ಮಾತ್ರ ಎಷ್ಟೇ ಹಾಳಾಗಿದ್ದರೂ ಉಳಿಸಿ. ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದಂತೆ ನಿಲ್ಲಿಸಿಡಿ. ಮಳೆಗಾಲದಲ್ಲಿ ಬೆಚ್ಚಗಿರಲಿ ಅಂತ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಾರೆ ನಮ್ಮ ಕಡೆ. ಅಲ್ಲಿ ಎಲ್‌ಪಿ ಹಪ್ಪಳದಂತೆ ಡೊಂಕಾಗುತ್ತದೆ.

ಪ್ರಶ್ನೆ: ನನ್ನ ಅಪ್ಪ ಊರಿನ ಇಗರ್ಜಿಯಲ್ಲಿ ಪಿಟೀಲು ಕಲಿತು ಮುಂಬಯಿಗೆ ಹೋದವರು. ಸಿನಿಮಾ ಆರ್ಕೆಸ್ಟ್ರಾದಲ್ಲಿ ಹನ್ನೆರಡು ವರ್ಷ ನುಡಿಸಿದರು. ಎಲ್ಲೂ ಅವರ ಹೆಸರಿಲ್ಲ. ನನ್ನ ಮಕ್ಕಳು ಕತೆ ಅಂತಾರೆ. ಒಂದು ಸ್ವರದ ಹಾಳೆ ಮತ್ತು ತಂತಿ ಇಲ್ಲದ ಪಿಟೀಲು ಮಾತ್ರ ಉಳಿದಿದೆ. ಹಾಳೆಯ ಝೆರಾಕ್ಸ್ ಇಟ್ಟಿದ್ದೇನೆ. ಇದರಿಂದ ಏನಾದರೂ ತಿಳಿಯುತ್ತದೆಯೇ?
— ಓದುಗರು, ಕಾರವಾರ ತಾಲೂಕು

ಉತ್ತರ: ಬಾಯಿ, ನಿಮ್ಮ ಪತ್ರವನ್ನು ಮೂರು ದಿನ ಮೇಜಿನ ಮೇಲೇ ಇಟ್ಟುಕೊಂಡಿದ್ದೆ.

ನಿಮ್ಮ ಅಪ್ಪನಂಥವರು ಗೋವಾ ಮತ್ತು ನಮ್ಮ ಕರಾವಳಿಯಿಂದ ಬಹಳ ಮಂದಿ ಹೋದರು. ಗೋವಾದಲ್ಲಿ ಪೋರ್ಚುಗೀಸರ ಕಾಲದಿಂದ ಇಗರ್ಜಿಯ ಶಾಲೆಗಳಲ್ಲಿ ಮಕ್ಕಳಿಗೆ ಪಿಟೀಲು ಮತ್ತು ಐದು ಗೆರೆಯ ಮೇಲೆ ಬರೆದ ಸ್ವರ ಓದುವುದನ್ನು ಕಲಿಸುತ್ತಿದ್ದರು. ಮುಂಬಯಿಯ ಸಂಗೀತ ನಿರ್ದೇಶಕರು ಹಾರ್ಮೋನಿಯಂ ಮೇಲೆ ಹಾಡಿ ತೋರಿಸಿದ್ದನ್ನು ಹಾಳೆಗೆ ಇಳಿಸಿ, ಯಾವ ವಾದ್ಯಕ್ಕೆ ಯಾವ ಸಾಲು ಅಂತ ಹಂಚಿಕೊಟ್ಟವರು ಇವರೇ. ಸೆಬಾಸ್ಟಿಯನ್ ಡಿಸೋಜಾ ಶಂಕರ್–ಜೈಕಿಶನ್ ಜೊತೆ ವರ್ಷಗಟ್ಟಲೆ ಈ ಕೆಲಸ ಮಾಡಿದರು. ಗೋವಾದ ಮಜೋರ್ಡಾ ಊರಿನ ಆಂಥನಿ ಗೊನ್ಸಾಲ್ವಿಸ್ ಪ್ಯಾರೇಲಾಲ್‌ಗೆ ಪಿಟೀಲು ಹೇಳಿಕೊಟ್ಟ ಗುರು. 1977ರಲ್ಲಿ ಲಕ್ಷ್ಮೀಕಾಂತ್–ಪ್ಯಾರೇಲಾಲ್ ಒಂದು ಹಾಡಿನಲ್ಲಿ ಗುರುವಿನ ಹೆಸರನ್ನೇ ಇಟ್ಟರು. ದೇಶಕ್ಕೆ ದೇಶವೇ ಅದನ್ನು ಹಾಡಿತು. ಹಾಡಿದವರಿಗೆ ಅದು ನಿಜವಾದ ಪಿಟೀಲಿನ ಮಾಸ್ತರರ ಹೆಸರು ಅಂತ ಗೊತ್ತಿರಲಿಲ್ಲ. ಮುಂದೆ ನಿಂತ ಇವರ ಗತಿಯೇ ಹೀಗಾದರೆ, ಹಿಂದಿನ ಸಾಲಿನಲ್ಲಿ ಕೂತು ನುಡಿಸಿ, ರೆಕಾರ್ಡಿಂಗ್ ಮುಗಿದ ಮೇಲೆ ಆ ದಿನದ ದುಡ್ಡು ಎಣಿಸಿಕೊಂಡು ಲೋಕಲ್ ಟ್ರೇನು ಹತ್ತಿದವರ ಹೆಸರನ್ನು ಯಾರು ಬರೆಯುತ್ತಾರೆ?

ನಿಮ್ಮ ಹಾಳೆಯನ್ನು ಕುಮಟಾದಲ್ಲಿ ಇಗರ್ಜಿಯಲ್ಲಿ ಪಿಟೀಲು ನುಡಿಸುವ ಒಬ್ಬ ಹುಡುಗನ ಹತ್ತಿರ ಕೊಟ್ಟೆ. ಮೂಲೆಯಲ್ಲಿ ಇಂಗ್ಲಿಷಿನಲ್ಲಿ ‘ಎರಡನೇ ಪಿಟೀಲು’ ಅಂತ ಬರೆದಿದೆ, ನೋಡಿರಬೇಕು ನೀವು. ಹುಡುಗ ನುಡಿಸಿದ. ಟ್ಯೂನು ಅನ್ನುವಂಥದ್ದು ಏನೂ ಬರಲಿಲ್ಲ. ಒಂದೇ ಸ್ವರ ನಾಲ್ಕು ಎಣಿಕೆ, ಆಮೇಲೆ ಅದರ ಕೆಳಗಿನ ಸ್ವರ ನಾಲ್ಕು ಎಣಿಕೆ, ಮತ್ತೆ ಮೊದಲಿನದು. ಹುಡುಗ ನನ್ನ ಮುಖ ನೋಡಿದ, ಇಷ್ಟೇನಾ ಅಂತ. ನಾನು ಅವನಿಗೆ ಮಾವ ತಂದ ಎಲ್‌ಪಿ ಹಚ್ಚಿ, ಮೇಲಿನ ಟ್ಯೂನನ್ನು ಬಿಟ್ಟು ಅದರ ಕೆಳಗೆ ನಿಂತ ದನಿಯನ್ನು ಮಾತ್ರ ಕೇಳು ಅಂದೆ. ಮೂರನೇ ಸಲಕ್ಕೆ ಅವನಿಗೆ ಸಿಕ್ಕಿತು. ಆಮೇಲೆ ನಿಮ್ಮ ಹಾಳೆಯನ್ನು ತಾನಾಗಿಯೇ ಮತ್ತೆ ಎತ್ತಿಕೊಂಡ. ಒಂದು ಕಡೆ ಪೆನ್ಸಿಲಿನಲ್ಲಿ ಕಮಾನು ಮೇಲಕ್ಕೆ ಅನ್ನುವ ಗುರುತು ಇದೆ. ಹಾಳೆಯ ಉಳಿದದ್ದೆಲ್ಲ ಮಸಿಯಲ್ಲಿ ಬರೆದದ್ದು. ನುಡಿಸುವಾಗ ಕೂತಲ್ಲೇ ಹಾಕಿಕೊಂಡ ಗುರುತು ಅದು ಅಂತ ಅವನೇ ತೋರಿಸಿದ. ನಿಮ್ಮ ಅಪ್ಪನ ಕೈಯದಿರಬೇಕು ಬಾಯಿ.

ಅವರ ಪೂರ್ತಿ ಹೆಸರು, ಕಲಿಸಿದವರ ಹೆಸರು, ಮುಂಬಯಿಯಲ್ಲಿ ಯಾವ ಕೋಣೆಯಲ್ಲಿ ಯಾರ ಜೊತೆ ಇದ್ದರು, ರಜಕ್ಕೆ ಬಂದಾಗ ಯಾವ ಹಾಡಿನ ಬಗ್ಗೆ ಮಾತಾಡುತ್ತಿದ್ದರು, ನಿಮಗೆ ನೆನಪಿರುವುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಕ್ಷರ ಸರಿ ಬರದಿದ್ದರೂ ಪರವಾಗಿಲ್ಲ, ಕೊಂಕಣಿಯಲ್ಲೇ ಬರೆಯಿರಿ. ಬರುವ ತಿಂಗಳ ಮೊದಲ ಭಾನುವಾರ ಪೂಜೆ ಮುಗಿಯುವ ಹೊತ್ತಿಗೆ ನಾನು ನಿಮ್ಮಲ್ಲಿಗೆ ಬರುತ್ತೇನೆ. ಹುಡುಗನೂ ಬರುತ್ತಾನೆ. ಒಂದು ಸೆಟ್ ತಂತಿ ತರುತ್ತೇವೆ. ನಿಮ್ಮ ಮಕ್ಕಳಿಗೆ ಆ ದಿನ ಮನೆಯಲ್ಲೇ ಇರಲು ಹೇಳಿ.